ಚಂದಮ್ಮ ಅತ್ತಿ ಮತ್ತು ಮುಚ್ಚಿದ ಹಣ್ಣು

ಚಂದಮ್ಮ ಅತ್ತಿ ಯಾವ ವಸ್ತುವನ್ನೂ ಮೂಸಿ ನೋಡದೆ ಒಪ್ಪಿಕೊಂಡವರಲ್ಲ. ಹಾಲಿನ ಪಾಕೀಟು, ಹೊಸ ಸೀರೆ, ಮೈಸೋಪು, ಮದುವೆಯ ಕಾರ್ಡು, ಒಮ್ಮೆ ನನ್ನ ಗಂಡ ತಂದ ಹೊಸ ಹೆಲ್ಮೆಟ್ಟನ್ನು ಕೂಡ ಮೂಸಿದ್ದರು. ಮೂಸಿದ ಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಕುಟ್ಟುವುದು, ಆಮೇಲೆ ಬೆಳಕಿಗೆ ಎತ್ತಿ ಕಣ್ಣು ಕಿರಿದು ಮಾಡಿ ನೋಡುವುದು. ಇಷ್ಟೆಲ್ಲ ಆದಮೇಲೆ ಹೊರಬೀಳುತ್ತಿದ್ದ ತೀರ್ಪು ಮಾತ್ರ ಯಾವಾಗಲೂ ಒಂದೇ: "ನನಗ್ಯಾಕೋ ಶಕ್ ಬರಾಕತ್ತದ."

ಅವರು ನನ್ನ ಗಂಡ ಬಸವರಾಜನ ಸೋದರತ್ತೆ. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟವಿದ್ದ ಮನೆ. ಕಣ್ಣಿಗೆ ಪೊರೆ ಬಂದ ಮೇಲೆ ತಪಾಸಣೆಗೆಂದು ಕಲಬುರಗಿಗೆ ಬಂದಾಗಲೆಲ್ಲ ಅಲ್ಲೇ ಪಕ್ಕದ ಕುಸನೂರಿನ ನಮ್ಮ ಮನೆಯಲ್ಲಿ ಉಳಿಯುತ್ತಿದ್ದರು. ಅವರ ಸಂಶಯದಿಂದ ಕಣ್ಣಿನ ಡಾಕ್ಟರರಿಗೂ ಬಿಡುಗಡೆ ಇರಲಿಲ್ಲ. ಗೋಡೆಯ ಮೇಲಿನ ಅಕ್ಷರ ಓದಿರಿ ಅಂದರೆ, "ಮೊದಲ ನೀವ ಓದ್ರಿ ಸಾಹೇಬ್ರ. ನಿಮ್ಮ ಕಣ್ಣ ಹೆಂಗ ಅದಾವ ನನಗ ಗೊತ್ತಾಗಬೇಕಲ್ಲ?" ಅಂದುಬಿಟ್ಟರು. ಡಾಕ್ಟರರು ಒಳ್ಳೆಯವರು, ನಕ್ಕು ಕೊನೆಯ ಸಾಲಿನವರೆಗೂ ಓದಿ ತೋರಿಸಿದರು. ನಡುವೆ ಎಲ್ಲೋ ಒಂದು ಅಕ್ಷರಕ್ಕೆ ಅವರು ತಡವರಿಸಿದ್ದನ್ನು ಅತ್ತಿ ಊರಿಗೆ ಹೋಗಿ ಎಲ್ಲರಿಗೂ ಹೇಳಿಕೊಂಡು ತಿರುಗಿದರಂತೆ.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಅತ್ತಿ ನಮ್ಮ ಮನೆಗೆ ಬರುವಾಗ ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಬರುತ್ತಿದ್ದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಕೆಂಪು ಬಾಳೆಹಣ್ಣು, ಬಾಟಲಿಯಲ್ಲಿ ತಮ್ಮ ಬಾವಿಯ ನೀರು. ನಾನು ಮಾಡಿದ್ದನ್ನು ಬಾಯಿಗೆ ಹಾಕುತ್ತಿರಲಿಲ್ಲ. ಒಮ್ಮೆ ಸೋಮವಾರ ಅನ್ನುವರು, ಒಮ್ಮೆ ಹೊಟ್ಟೆ ಉಬ್ಬರ ಅನ್ನುವರು. ಹಲ್ಲುನೋವು ಎಂದು ನನ್ನ ಮೆತ್ತನೆಯ ಚಪಾತಿ ಬೇಡವೆಂದ ದಿನ ಅದೇ ಹಲ್ಲಿನಿಂದ ಖಡಕ್ ರೊಟ್ಟಿಯನ್ನು ಕಟಕಟ ಕಡಿದು ತಿಂದರು.

ನನಗೆ ಅದು ಯಾಕೆ ಚುಚ್ಚುತ್ತಿತ್ತು ಅನ್ನುವುದನ್ನು ಮುಚ್ಚಿಡದೆ ಹೇಳುತ್ತೇನೆ. ನಮ್ಮಪ್ಪ ಕಪನೂರಿನ ಬೇಳೆ ಗಿರಣಿಯೊಂದರಲ್ಲಿ ಚೀಲ ಹೊರುತ್ತಿದ್ದವರು. ನಮ್ಮದು ಗೋಡೆಯ ಮೇಲೆ ಬುದ್ಧನ ಪಟವಿರುವ ಮನೆ, ಊರ ಹೊರಗಿನ ಕೇರಿಯಿಂದ ಬಂದ ಜನ. ಅತ್ತಿಯ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಬಸವರಾಜ ಮತ್ತು ನಾನು ಮೆಚ್ಚಿ ಮದುವೆಯಾದ ಮೇಲೆ ಅವರ ಬಳಗದಿಂದ ನಮ್ಮ ಹೊಸ್ತಿಲು ದಾಟಿ ಬಂದವರು ಅತ್ತಿ ಒಬ್ಬರೇ. ಅದಕ್ಕಾಗಿ ಅವರ ಮೇಲೆ ನನಗೆ ಪ್ರೀತಿಯಿತ್ತು. ಆದರೆ ಬಂದವರು ಗುಟುಕು ನೀರನ್ನೂ ತಮ್ಮ ಬಾಟಲಿಯಿಂದಲೇ ಕುಡಿದರೆ ನಾನು ಏನೆಂದು ತಿಳಿಯಬೇಕು? ಅವರಿಗೆ ಜಗತ್ತಿನ ಮೇಲೆಲ್ಲ ಸಂಶಯ, ನನಗೆ ಅವರ ಮೇಲೆ ಸಂಶಯ.

"ಅತ್ತಿ ಎಲ್ಲಾರ ಮನ್ಯಾಗೂ ಹಂಗ ಮಾಡ್ತಾಳ. ನಮ್ಮಪ್ಪನ ಮನಿಗಿ ಬಂದ್ರೂ ಬುತ್ತಿ ತರ್ತಿದ್ಲು," ಎಂದು ಬಸವರಾಜ ಹೇಳುತ್ತಲೇ ಇದ್ದ. ಅವನ ಅತ್ತಿ, ಅವನ ಜಾತಿ, ಅವನು ಇನ್ನೇನು ಹೇಳಿಯಾನು? ಅತ್ತಿಯಾದರೋ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತ ನನ್ನ ಎದುರಿಗೇ, "ಇದು ದೇವರ ಕಟ್ಟಿದ ಬುತ್ತಿ ನೋಡು. ಒಳಗ ಯಾರ ಕೈನೂ ಹೋಗಂಗಿಲ್ಲ," ಅನ್ನುತ್ತಿದ್ದರು. ಆಗ ನಾನು ಸುಮ್ಮನೆ ನನ್ನ ಕೈ ನೋಡಿಕೊಳ್ಳುತ್ತಿದ್ದೆ.

ನಮ್ಮ ಮಗಳು ಮೈತ್ರಿಯ ಹುಟ್ಟುಹಬ್ಬ ಬರುವುದು ಚಳಿಗಾಲದಲ್ಲಿ. ಒಂದು ವರ್ಷ ಅವಳು ಮೊಬೈಲಿನಲ್ಲಿ ಏನನ್ನೋ ನೋಡಿ, ಚಾಕೊಲೇಟಿನಲ್ಲಿ ಅದ್ದಿದ ಸ್ಟ್ರಾಬೆರಿಯೇ ಬೇಕೆಂದು ಹಟ ಹಿಡಿದಳು. ಮಹಾರಾಷ್ಟ್ರದ ಕಡೆಯಿಂದ ಬರುವ ಹಣ್ಣು ಆಗ ಸೂಪರ್ ಮಾರ್ಕೆಟ್ ಪೇಟೆಯ ತಳ್ಳುಬಂಡಿಗಳಲ್ಲಿ ಸಿಗುತ್ತಿತ್ತು. ಡಬ್ಬಿಗಟ್ಟಲೆ ತಂದೆ. ಎಲೆಯ ತೊಟ್ಟು ಕೀಳದೆ ಹಣ್ಣು ತೊಳೆದು, ಒಂದೊಂದನ್ನೂ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಆರಲು ಇಟ್ಟೆ. ಕರಗಿದ ಚಾಕೊಲೇಟಿಗೆ ಒಂದು ಹನಿ ನೀರು ಬಿದ್ದರೂ ಕೆಲಸ ಕೆಡುತ್ತದೆ. ಕುದಿಯುವ ನೀರಿನ ಪಾತ್ರೆಯ ಮೇಲೆ ಸ್ಟೀಲಿನ ಬೋಗುಣಿ ಕೂರಿಸಿ, ಉರಿ ಸಣ್ಣಗೆ ಮಾಡಿ, ಚಾಕೊಲೇಟಿನ ಗಟ್ಟಿಯನ್ನು ಮುರಿದು ಹಾಕುತ್ತಿದ್ದೆ. ತಪಾಸಣೆಗೆ ಬಂದಿದ್ದ ಅತ್ತಿ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಪಹರೆಗೆ ಕುಳಿತರು.

"ಏನ್ ಮಾಡಾಕತ್ತೀದಿ?"

"ಚಾಕೊಲೇಟ್ ಕರಗಸಾಕತ್ತೀನ್ರಿ ಅತ್ತಿ. ಹಣ್ಣ ಇದರಾಗ ಅದ್ದಿ ತಗೀತೀನಿ. ಆರಿದ ಮ್ಯಾಲ ಮ್ಯಾಲಿಂದು ಗಟ್ಟಿ ಆಗ್ತದ."

"ಚಲೋ ಹಣ್ಣಿಗಿ ಯಾರರ ಮೈತುಂಬ ಕರಿ ಬಳೀತಾರೇನು? ಒಳಗ ಏನೋ ಅದ, ಅದಕ್ಕ ಮುಚ್ಚಾಕತ್ತಾರ."

"ಒಳಗ ಏನೂ ಇಲ್ರಿ."

"ಇದಕ್ಕ ತತ್ತಿ ಹಾಕಿರ್ತಾರೇನು?"

ನಾನು ಚಾಕೊಲೇಟಿನ ಹೊದಿಕೆ ತಂದು ಮೊಟ್ಟೆ ಇಲ್ಲವೆಂದು ಹೇಳುವ ಅದರ ಮೇಲಿನ ಹಸಿರು ಚುಕ್ಕಿ ತೋರಿಸಿದೆ. ಅತ್ತಿ ಅದನ್ನೂ ಮೂಸಿ ವಾಪಸು ಕೊಟ್ಟರು. "ಚುಕ್ಕಿ ಯಾರು ಬೇಕಾದ್ರೂ ಹಚ್ಚಬಹುದು."

ಅಷ್ಟರಲ್ಲಿ ಬಲೂನು ಕಟ್ಟಲು ಮೈತ್ರಿ ಕರೆದಳು. ಉರಿ ಆರಿಸಿ ಪಡಸಾಲೆಗೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ತಿರುಗಿ ಬಂದೆ. ಮೊದಲ ಹಣ್ಣನ್ನು ಅದ್ದಿದರೆ ಚಾಕೊಲೇಟು ಹಿಡಿಯದೆ ಜಾರಿ ಬಿತ್ತು. ಇನ್ನೊಂದನ್ನು ಅದ್ದಿದೆ, ಮತ್ತೊಂದನ್ನು ಅದ್ದಿದೆ. ನೋಡನೋಡುತ್ತ ಬೋಗುಣಿಯಲ್ಲಿದ್ದದ್ದೆಲ್ಲ ಕೆಟ್ಟ ಉಪ್ಪಿಟ್ಟಿನ ಹಾಗೆ ಗಂಟುಗಂಟಾಯಿತು. ಹಣ್ಣು ಇಟ್ಟಿದ್ದ ತಟ್ಟೆ ಎತ್ತಿ ನೋಡಿದರೆ ಅಡಿಯಲ್ಲಿ ನೀರು. ಹಣ್ಣಿಗೆಲ್ಲ ಅರಿಶಿಣದ ವಾಸನೆ. ಅತ್ತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು.

"ಹಣ್ಣ ಮತ್ತ ತೊಳದ್ರೇನು ಅತ್ತಿ?"

"ಹೂಂ. ಉಪ್ಪು, ಅರಿಶಿಣ ಹಾಕಿ ತೊಳದೀನಿ."

"ನಾ ತೊಳದು, ಒರಸಿ ಇಟ್ಟಿದ್ನಲ್ರಿ! ನಾ ಮುಟ್ಟೀನಿ ಅಂತ ತೊಳದ್ರೇನು?"

ವರ್ಷಗಳಿಂದ ಗಂಟಲಲ್ಲಿ ಕೂತಿದ್ದ ಮಾತು ಹೊರಗೆ ಬಿದ್ದುಬಿಟ್ಟಿತು. ಬಲೂನು ಹಿಡಿದು ಓಡಿ ಬಂದ ಮೈತ್ರಿ ಬಾಗಿಲಲ್ಲೇ ನಿಂತಳು. ಅತ್ತಿ ಚಾಳೀಸು ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನೇ ನೋಡಿದರು.

"ಹುಚ್ಚಿ ಇದ್ದೀದಿ ಏನು? ಔಷಧ ಹೊಡದಿರ್ತಾರ ಈ ಹಣ್ಣಿಗಿ. ಬುತ್ತ್ಯಾಗಿಂದು ತಿನ್ನೋದಿದ್ರ ನನಗ್ಯಾಕ ಬೇಕಿತ್ತು ಈ ಉಸಾಬರಿ? ಇವತ್ತ ಇದನ್ನ ನಾನೂ ತಿನ್ನಬೇಕಂತ ಮಾಡಿದ್ದೆ. ನಾ ತಿನ್ನೋದನ್ನ ನಾನ ತೊಳೀತೀನಿ. ನಮ್ಮವ್ವ ತೊಳದಿದ್ದು ಸುದ್ದಾ ನಾ ಮತ್ತ ತೊಳದೀನಿ."

ನಾನು ನಂಬಲಿಲ್ಲ. ಸಿಕ್ಕಿಬಿದ್ದವರು ಹೀಗೇ ಏನಾದರೂ ಹೇಳುತ್ತಾರೆ ಅಂದುಕೊಂಡೆ. ಪುಣ್ಯಕ್ಕೆ ಚಾಕೊಲೇಟಿನ ಇನ್ನೊಂದು ಗಟ್ಟಿ ಮಿಕ್ಕಿತ್ತು. ಕೆಟ್ಟಿದ್ದಕ್ಕೆ ಬಿಸಿ ಹಾಲು ಸುರಿದು ಮಕ್ಕಳಿಗೆ ಕುಡಿಯಲು ಮಾಡಿ, ಹೊಸದನ್ನು ಕರಗಿಸಲು ಇಟ್ಟೆ. ಅತ್ತಿ ತಮ್ಮ ಚೀಲದಿಂದ ಮಡಿಸಿಟ್ಟ ಹಳೆಯ ಸೀರೆಯ ತುಂಡು ತೆಗೆದು, ಹಣ್ಣುಗಳನ್ನು ಒಂದೊಂದಾಗಿ ಒತ್ತಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಡತೊಡಗಿದರು. ನಾನು ಅದ್ದಿ, ಸೋರಿಸಿ, ತುಪ್ಪ ಸವರಿದ ತಟ್ಟೆಯಲ್ಲಿ ಇಟ್ಟು ಫ್ರಿಜ್ಜಿಗೆ ಸೇರಿಸಿದೆ.

ಸಂಜೆ ಮಕ್ಕಳು ತಟ್ಟೆಗೆ ಮುತ್ತಿದ್ದಾಗ ಅತ್ತಿ ಒಂದನ್ನು ತೊಟ್ಟು ಹಿಡಿದು ಎತ್ತಿಕೊಂಡರು. ಮೂಸಿದರು. ಕಿವಿಯ ಹತ್ತಿರ ಹಿಡಿದು ಕುಟ್ಟಿದರು. ಟ್ಯೂಬ್‌ಲೈಟಿನ ಬೆಳಕಿಗೆ ಎತ್ತಿದರು. ಇನ್ನು ಶಕ್ ಬರುತ್ತದೆ, ತಟ್ಟೆಗೆ ವಾಪಸು ಇಡುತ್ತಾರೆ ಎಂದು ನಾನು ಕಾದೆ. ಅವರು ಅದನ್ನು ನನ್ನ ಬಾಯಿಯ ಹತ್ತಿರ ತಂದು ಹಿಡಿದರು.

"ಮೊದಲ ನೀ ಕಡಿ."

ಅರ್ಧ ಕಡಿದೆ. ನಾನು ಈಗ ಬೀಳುತ್ತೇನೋ ಇನ್ನೊಂದು ಗಳಿಗೆಗೆ ಬೀಳುತ್ತೇನೋ ಅನ್ನುವ ಹಾಗೆ ಅತ್ತಿ ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಬೀಳಲಿಲ್ಲ. ಉಳಿದ ಅರ್ಧವನ್ನು ತಮ್ಮ ಬಾಯಿಗೆ ಹಾಕಿಕೊಂಡರು.

ನನ್ನ ಎಂಜಲು ಅದು. ಅವರಿಗೆ ಅದು ಹೊಳೆಯಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವರ ಸಂಶಯ ಎಷ್ಟು ದೊಡ್ಡದೆಂದರೆ ಅದರ ಪಕ್ಕದಲ್ಲಿ ಜಾತಿ ನಿಲ್ಲುವುದಕ್ಕೆ ಜಾಗವೇ ಇರಲಿಲ್ಲವೇನೋ. ಅತ್ತಿಯ ಮುಖ ಕಿವುಚಿತು, ಮರುಗಳಿಗೆಗೆ ಗೆದ್ದವರ ಹಾಗೆ ಅರಳಿತು. "ಹುಳಿ! ನಾ ಅಂದಿದ್ದಿಲ್ಲೇನು? ಹುಳಿ ಅದ, ಅದಕ್ಕ ಮುಚ್ಚ್ಯಾರ!" ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಪಾತ್ರೆ ತೊಳೆಯುವ ನೆವದಲ್ಲಿ ಅತ್ತುಬಿಟ್ಟೆ.

ಅಲ್ಲಿಂದ ಬುತ್ತಿ ನಿಂತಿತು. ನಮ್ಮ ಮನೆಯಲ್ಲಿ ಅತ್ತಿಯ ತಟ್ಟೆಗೆ ಬೀಳುವ ಪ್ರತಿ ರೊಟ್ಟಿಯ ಅಂಚೂ ನಾನು ಕಡಿದದ್ದೇ ಆಗಿರಬೇಕಿತ್ತು. ಆದರೂ ನನ್ನೊಳಗಿನ ಹುಳ ಪೂರ್ತಿ ಸಾಯಲಿಲ್ಲ. ಕುಸನೂರಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ತಿನ್ನುವುದು ಬೇರೆ, ಕಮಲಾಪುರದಲ್ಲಿ ತಮ್ಮವರ ನಡುವೆ ಕುಳಿತು ತಿನ್ನುವುದು ಬೇರೆ. ಅಲ್ಲಿ ನನ್ನನ್ನು ಮರೆಯುತ್ತಾರೆ ಅಂದುಕೊಂಡಿದ್ದೆ.

ಅವರನ್ನು ಕೊನೆಯ ಸಲ ನೋಡಿದ್ದು ಕಮಲಾಪುರದಲ್ಲೇ. ಹಾಸಿಗೆ ಹಿಡಿದಿದ್ದಾರೆ ಎಂದು ಸುದ್ದಿ ಬಂದಿತ್ತು. ಚಳಿಗಾಲ, ಸ್ಟ್ರಾಬೆರಿಯ ಕಾಲ. ಬೆಳಿಗ್ಗೆ ಎದ್ದು ಹಣ್ಣು ಅದ್ದಿ ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಅತ್ತಿ ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಬಳಗವೆಲ್ಲ ಸುತ್ತ ಕುಳಿತಿತ್ತು. ಅತ್ತಿಯ ಸೊಸೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಒಳಗೆ ಒಯ್ಯದೆ, ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. "ಆಮ್ಯಾಲ ಕೊಡ್ತೀವಿ ಬಿಡ್ರಿ. ಅವರಿಗಿ ಈಗ ಏನೂ ಸೇರಂಗಿಲ್ಲ." ಆ 'ಆಮ್ಯಾಲ' ನನಗೆ ಚಿಕ್ಕಂದಿನಿಂದ ಗೊತ್ತು.

ಅತ್ತಿ ಕಣ್ಣು ಬಿಡದೆಯೇ ಅಂದರು, "ಆ ಡಬ್ಬಿ ಇಲ್ಲಿ ತಾ."

ಸೊಸೆ ತಂದು ಕೊಟ್ಟರು. ಅತ್ತಿ ಒಂದು ಹಣ್ಣು ಎತ್ತಿ ಮೂಸಿದರು. ಕುಟ್ಟುವಷ್ಟು ಶಕ್ತಿ ಬೆರಳಿಗೆ ಇರಲಿಲ್ಲ. ಕೈ ನನ್ನ ಕಡೆ ಚಾಚಿದರು. "ಸುಜಾತಾ, ಮೊದಲ ನೀ ಕಡಿ."

ನಾನು ಬಗ್ಗಿ ಮೆಲ್ಲಗೆ ಅಂದೆ, "ಬ್ಯಾಡ್ರಿ ಅತ್ತಿ, ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ," ಅಂದರು, ಎಲ್ಲರಿಗೂ ಕೇಳುವಂತೆ. "ಅವರು ಕಡದ್ರ ನನಗ ಭರೋಸಾ ಇಲ್ಲ."

ಕಡಿದೆ. ಉಳಿದ ಅರ್ಧವನ್ನು ಅತ್ತಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚೀಪತೊಡಗಿದರು. ಅವರ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

"ಹುಳಿ ಅದ," ಅಂದರು ಅತ್ತಿ. ಆಮೇಲೆ ಡಬ್ಬಿಯ ಕಡೆ ಕೈ ಮಾಡಿದರು. "ಇನ್ನೊಂದು ಕಡಿ."