ಯುವರಾಜನಿಗೆ ಬೈಯುವವರಿಲ್ಲ

ನಮ್ಮಮ್ಮ ನೀಲಗಂಗಮ್ಮನಿಗೆ ಒಂದು ರಾಜ್ಯವಿದೆ. ಹೆಸರು ಮಣಿಕಣಿವೆ. ಅಲ್ಲಿ ರೆಕ್ಕೆಯಿರುವ ಆನೆಗಳಿವೆ, ಮಾತಾಡುವ ಕೋಟೆಬಾಗಿಲಿದೆ. ಅಷ್ಟನ್ನೂ ಅವಳು ಕತ್ರಿಗುಪ್ಪೆಯ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತೇ ಆಳುತ್ತಾಳೆ. ಬುಧವಾರಕ್ಕೊಂದು ಅಧ್ಯಾಯ ಮೊಬೈಲಿನ ಕತೆಗಳ ಆ್ಯಪಿಗೆ ಹೋಗಬೇಕು. ಅವಳು ಹೇಳುತ್ತಾಳೆ, ನಾನು ಅವಳ ಮೊಬೈಲಿನಲ್ಲಿ ಟೈಪ್ ಮಾಡುತ್ತೇನೆ. ಒಂದಕ್ಷರ ತಪ್ಪಿದರೆ ನನಗೆ ಮಂಗಳಾರತಿ. ಮೂವತ್ತೊಂದು ವರ್ಷ ಜಯನಗರದ ಶಾಲೆಯೊಂದರಲ್ಲಿ ಟೀಚರಾಗಿದ್ದವಳು. ಊರ ಮಕ್ಕಳನ್ನೆಲ್ಲ ಬೈದು ತಿದ್ದಿದ ಬಾಯಿ ಅದು.

ಆ ಬಾಯಿ ಸೋತದ್ದು ಒಬ್ಬನ ಮುಂದೆ ಮಾತ್ರ, ನಮ್ಮಣ್ಣನ ಮುಂದೆ. ಅವನಿಗೆ ನಮ್ಮ ತಾತನ ಹೆಸರಿಟ್ಟರು, ಕರಿಬಸವಯ್ಯ ಎಂದು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದಲ್ಲ? ಹಾಗಾಗಿ ತೊಟ್ಟಿಲಲ್ಲಿದ್ದ ಕೂಸನ್ನೇ ಅಮ್ಮ ತಾತಪ್ಪ ಎಂದಳು. ಏಳಿ, ಬನ್ನಿ, ಊಟ ಮಾಡಿ ಎಂದಳು. ಹೆಸರು ಹಿಡಿದು ಕರೆಯಲಾಗದವನನ್ನು ಬೈಯುವುದಾದರೂ ಹೇಗೆ? ಅವನ ಪಾಲಿನ ಬೈಗುಳವನ್ನೂ ಸೇರಿಸಿ ತಿಂದು ನಾನು ದಪ್ಪ ಚರ್ಮದವಳಾದೆ. ಅಣ್ಣ ಸಾಧು. ಆದರೆ ಸ್ವಂತ ಮನೆಯಲ್ಲೇ ನೆಂಟನ ಹಾಗೆ ಬೆಳೆದ.

ಮಣಿಕಣಿವೆಯ ಅರಮನೆಯಲ್ಲೂ ಇದೇ ಪದ್ಧತಿ. ಯುವರಾಜ ಅಜ್ಜನ ಹೆಸರು ಹೊತ್ತವನು. ಹೆತ್ತ ರಾಣಿಯೂ ಅವನಿಗೆ ತಾವು ಎನ್ನಬೇಕು. ತಂಗಿಗೆ ಮೂರು ಹೊತ್ತೂ ಬೈಗುಳ. ಅವಳು ಜಗ್ಗದೆ ರೆಕ್ಕೆಯ ಆನೆಗಳನ್ನು ಪಳಗಿಸುತ್ತಾಳೆ. ಯುವರಾಜ ಮಾತ್ರ ಶತ್ರುಗಳ ಸೇನಾಪತಿ ಒಮ್ಮೆ ಮೂರ್ಖ ಎಂದದ್ದಕ್ಕೆ ರಣರಂಗದಿಂದ ಬಂದು ಎರಡು ದಿನ ಜ್ವರ ಹಿಡಿದು ಮಲಗುತ್ತಾನೆ. ಟೈಪ್ ಮಾಡುವಾಗ ನನಗೆ ನಗು ತಡೆಯಲಾಗಲಿಲ್ಲ. ಹಿಂದಿನ ತಿಂಗಳಷ್ಟೇ ಬ್ಯಾಂಕಿನಲ್ಲಿ ಹೊಸ ಮ್ಯಾನೇಜರ್ ಗದರಿದಳೆಂದು ನಲವತ್ತಾರರ ನಮ್ಮಣ್ಣ ಹೀಗೇ ಎರಡು ದಿನ ಜ್ವರ ಬಂದು ಮಲಗಿದ್ದ. ಇಂಥ ಯುವರಾಜನನ್ನು ಕಾಡಿಗೆ ಅಟ್ಟಿ ಎಂದು ಓದುಗರೆಲ್ಲ ಕಾಮೆಂಟು ಹಾಕಿದರು.

ಆ ಭಾನುವಾರ ಅಣ್ಣ ಕೋಣನಕುಂಟೆಯಿಂದ ಬಂದ. ಅವನೂ ಓದಿದ್ದ. ಮುಖದಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾದದ್ದು.

"ಅಮ್ಮ, ಅದು ನಾನೇ ತಾನೇ?"

ಅಮ್ಮ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಕತೆ ಅದು ತಾತಪ್ಪ. ಕೂತ್ಕೊಳ್ಳಿ."

"ಈ ಕೂತ್ಕೊಳ್ಳಿ ಅನ್ನೋದೇ ಬೇಡ ನಂಗೆ. ನನ್ ತಂಗಿ ಶಿಲ್ಪಂಗೆ ಬೈತೀಯಲ್ಲ, ಹಾಗೆ ಒಂದ್ಸಲ ಬೈಯಮ್ಮ. ಹೆಸರು ಹಿಡಿದು ಬೈ. ನಾನೂ ನಿನ್ ಮಗ ಅಂತ ಒಂದ್ಸಲನಾದ್ರೂ ಅನ್ನಿಸ್ಲಿ."

ನನ್ನ ನಗು ಅಲ್ಲಿಗೇ ನಿಂತಿತು. ಬೈಸಿಕೊಳ್ಳದೆ ಬೆಳೆದ ಪುಣ್ಯವಂತ ಎಂದು ಇಷ್ಟು ವರ್ಷ ಅವನ ಮೇಲೆ ಹೊಟ್ಟೆ ಉರಿದುಕೊಂಡಿದ್ದೆನಲ್ಲ, ನಾಚಿಕೆಯಾಯಿತು.

ಅಮ್ಮ ಪ್ರಯತ್ನಪಟ್ಟಳು, ಪಾಪ. ಕೈ ಒರೆಸಿಕೊಂಡಳು. ಗೋಡೆಯ ಮೇಲಿದ್ದ ಮಾವನ ಫೋಟೋಗೆ ಬೆನ್ನು ಹಾಕಿ ಕೂತು ಗಂಟಲು ಸರಿಮಾಡಿಕೊಂಡಳು. "ತಾತಪ್ಪ, ನೀವು... ನೀವು ಹಾಗೆಲ್ಲ ಮಾಡ್ಬಾರ್ದಪ್ಪ" ಎಂದಳು. ಏನು ಮಾಡಬಾರದೆಂದು ಅವಳಿಗೂ ಗೊತ್ತಿರಲಿಲ್ಲ. "ಹೋಗ್ಲಿ ಬಿಡಮ್ಮ" ಎಂದ ಅಣ್ಣ. ಅವಳು ಎದ್ದು ಅಡುಗೆಮನೆಗೆ ಹೋದಳು. ಸಾರಿಗೆ ಒಗ್ಗರಣೆ ಹಾಕುತ್ತ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು.

ಅಣ್ಣ ಟೀಪಾಯಿಯ ಮೇಲಿದ್ದ ಅಮ್ಮನ ಮೊಬೈಲು ಎತ್ತಿಕೊಂಡ. ಬುಧವಾರಕ್ಕೆಂದು ಅರ್ಧ ಬರೆದಿಟ್ಟಿದ್ದ ಅಧ್ಯಾಯವನ್ನು ಓದಿದ, ಏನೇನೋ ಒತ್ತಿದ. ಸ್ವಲ್ಪ ಹೊತ್ತಿಗೆ ಮೊಬೈಲು ಟಿಣ್ ಟಿಣ್ ಎನ್ನತೊಡಗಿತು. ಅಮ್ಮ ಸೌಟು ಹಿಡಿದುಕೊಂಡೇ ಬಂದು ನೋಡಿದಳು. ಅರ್ಧ ಅಧ್ಯಾಯವೇ ಆ್ಯಪಿನಲ್ಲಿ ಪ್ರಕಟವಾಗಿಬಿಟ್ಟಿತ್ತು. ಕೊನೆಯಲ್ಲಿ ಅಣ್ಣ ತಾನೇ ಬರೆದು ಸೇರಿಸಿದ ಒಂದು ಸಾಲು: 'ಮಗನೇ, ನಿನ್ನನ್ನು ಹೀಗೆ ಬೆಳೆಸಿದ್ದು ನನ್ನ ತಪ್ಪು ಎಂದು ರಾಣಿಯು ಯುವರಾಜನ ಕಾಲು ಹಿಡಿದು ಅತ್ತಳು.'

"ನಿಂಗೆ ಬೈಯೋಕಾಗ್ಲಿಲ್ಲ. ರಾಣಿಯಾದ್ರೂ ಮಗನೇ ಅಂತ ಕರೀಲಿ ಅಂತ..." ಅಣ್ಣ ತೊದಲಿದ.

ಅಮ್ಮನ ಮುಖ ಕೆಂಪೇರಿತು.

"ಲೋ ಕರಿಬಸವಾ! ಬುದ್ಧಿ ಇದ್ಯೇನೋ ನಿಂಗೆ? ಕೋಣನ ಹಾಗೆ ಬೆಳೆದಿದ್ದೀಯ! ನನ್ನ ರಾಣಿ ಯಾರ ಕಾಲಿಗೂ ಬೀಳೋಳಲ್ಲ ಕಣೋ! ಬರೆಯೋಕೆ ಬರದಿದ್ಮೇಲೆ ಯಾಕೋ ಕೈ ಹಾಕ್ದೆ? ಅಳ್ಸೋ ಅದನ್ನ ಮೊದ್ಲು!"

ಬಾಯಿಂದ ಏನು ಬಂತೆಂದು ಅಮ್ಮನಿಗೆ ಆಮೇಲೆ ತಿಳಿಯಿತು. ಸೆರಗನ್ನು ಬಾಯಿಗೊತ್ತಿಕೊಂಡು ಮಾವನ ಫೋಟೋ ಕಡೆ ನೋಡಿದಳು. ಅಣ್ಣನಿಗೆ ಇನ್ನು ವಾರ ಪೂರ್ತಿ ಜ್ವರವೇ ಎಂದುಕೊಂಡೆ ನಾನು. ಅವನ ಕಣ್ಣು ತುಂಬಿತ್ತು, ನಿಜ. ಆದರೆ ಮೂವತ್ತೆರಡು ಹಲ್ಲೂ ಕಾಣುವಂತೆ ನಗುತ್ತಿದ್ದ.

"ನಗ್ತೀಯೇನೋ?" ಅಮ್ಮನಿಗೆ ಮತ್ತೆ ಸಿಟ್ಟೇರಿತು. "ಅದನ್ನ ಅಳ್ಸೋ ತನಕ ಊಟ ಇಲ್ಲ ನಿಂಗೆ!"

ಅಣ್ಣ ವಿಧೇಯನಾಗಿ ಮೊಬೈಲು ಹಿಡಿದು ಕೂತ. ಆ ಒಂದು ಸಾಲು ಅಳಿಸಲು ಬ್ಯಾಂಕಿನ ಆಫೀಸರ್ ಮುಕ್ಕಾಲು ಗಂಟೆ ತೆಗೆದುಕೊಂಡ. ಅಷ್ಟು ಹೊತ್ತೂ ಅಮ್ಮ ಬೈಯುತ್ತಲೇ ಇದ್ದಳು.