ಫಕ್ಕೀರಪ್ಪನ ಸೊಟ್ಟ ಸಾಲು

ನನ್ನ ಪಡಸಾಲೆಯ ಗೂಟಕ್ಕೆ ಒಂದು ನೂಲುಂಡೆ ತೂಗಿಕೊಂಡಿದೆ. ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ ಅದ್ದಿ ಅದರ ಬಣ್ಣ ಎಲೆ ಅಡಿಕೆ ಹಾಕಿದ ಬಾಯಿಯಂತಾಗಿದೆ. ಕಟ್ಟಿಗೆಯ ಎರಡೂ ತುದಿಗೆ ಅದನ್ನು ಬಿಗಿಹಿಡಿದು ನಡುವೆ ಒಮ್ಮೆ ಮೀಟಿ ಬಿಟ್ಟರೆ ಬೀಳುವ ಗೆರೆಯಷ್ಟು ನೆಟ್ಟಗಿರುವ ಇನ್ನೊಂದನ್ನು ನಾನು ಈ ಲೋಕದಲ್ಲಿ ಕಂಡಿಲ್ಲ, ಗೆಳೆಯರೇ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಉಳಿ ಹಿಡಿದ ನನಗೆ ಈ ನೂಲೇ ಪಾಟಿ, ಇದೇ ಪುಸ್ತಕ, ಇದೇ ಮಾಸ್ತರ. ಇದರ ಗೆರೆ ನಂಬಿ ನಾನು ಮಾಡಿದ ಕೂರಿಗೆಗಳು ಅಣ್ಣಿಗೇರಿ ಸುತ್ತಿನ ಎರೆ ಹೊಲಗಳಲ್ಲಿ ಬಿತ್ತುತ್ತ ಹೊರಟರೆ, ಬೀಜ ಇಳಿಯುವ ನಾಲ್ಕು ತಾಳಿನಿಂದ ನಾಲ್ಕು ಸಾಲು, ತಿದ್ದಿ ಬರೆದ ಹಾಗೆ, ಆಚೆಯ ಬದುವನ್ನು ಮುಟ್ಟುತ್ತವೆ. ಇದು ಜಂಬವೆಂದು ನೀವು ಅನ್ನಬಹುದು, ಅನ್ನಿರಿ. ಜಂಬ ಪಡುವಂಥ ಕೆಲಸ ಮಾಡಿಯೂ ಸುಮ್ಮನಿರುವುದು ಸಾಧುಗಳಿಗೆ ಒಪ್ಪುತ್ತದೆ, ಬಡಿಗನಿಗಲ್ಲ.

ಆದರೆ ಆ ಜಂಬ ಒಂದು ಸಲ ಒಬ್ಬನ ಸಂಸಾರವನ್ನೇ ಮುರಿಯಲು ಹೋಗಿತ್ತು.

ಫಕ್ಕೀರಪ್ಪ ನಮ್ಮ ಓಣಿಯವನು, ನನಗಿಂತ ನಾಲ್ಕು ವರ್ಷ ಸಣ್ಣವ, ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ. ರಜೆಗೆ ಬಂದಾಗ ಬಿತ್ತಿಗೆಯಿದ್ದರೆ ಕೂರಿಗೆ ಹಿಡಿದೇ ತೀರುವನು. ಅವನ ಸಾಲು ಹಿಡಿದು ನಡೆದರೆ ಕುರುಡನೂ ದಾರಿ ತಪ್ಪುತ್ತಿರಲಿಲ್ಲ. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ನೌಕರಿಯ ಅವಧಿ ತೀರಿಸಿ ಪಿಂಚಣಿಯ ಮೇಲೆ ಊರಿಗೆ ಬಂದ. ಮೈಮೇಲೆ ತರಚಿದ ಗಾಯ ಕೂಡ ಇರಲಿಲ್ಲವೆಂದು ಓಣಿಯವರೆಲ್ಲ ಸಕ್ಕರೆ ಹಂಚಿದೆವು. ಜಾಲಿ ಕಟ್ಟಿಗೆಯ ಹೊಸ ಕೂರಿಗೆಯೊಂದನ್ನು ನಾನು ಮಾಡಿಕೊಟ್ಟೆ. ಅದರಿಂದ ಅವನು ಮುಂಗಾರಿ ಹೆಸರುಕಾಳು ಬಿತ್ತಿದ. ಆರನೆಯ ದಿನ ಮೊಳಕೆ ಎದ್ದಾಗ ದಾರಿಗುಂಟ ಹೋಗುವವರು ನಿಂತು ನಿಂತು ನೋಡತೊಡಗಿದರು. ಸಾಲುಗಳೆಲ್ಲ ಸೊಟ್ಟ!

"ಏ ಬಡಿಗೇರ ಮೌನೇಶಪ್ಪಾ," ಎಂದು ಚಹಾದಂಗಡಿಯ ಕಟ್ಟೆಯಿಂದ ಒಬ್ಬ ಕೂಗಿದ, "ನಿನ್ನ ಕೂರಿಗಿ ಹೊಲದಾಗ ಹಾವು ಹಡದೈತಿ ನೋಡಲೇ!"

ನಾನು ತಡೆದುಕೊಳ್ಳಬೇಕಿತ್ತು. ತಡೆದುಕೊಳ್ಳಲಿಲ್ಲ. ಅದೇ ಕೂರಿಗೆ ತರಿಸಿ, ಅದೇ ಎತ್ತು ಹೂಡಿ, ಬಿತ್ತದೆ ಉಳಿದಿದ್ದ ಪಟ್ಟಿಯಲ್ಲಿ ಎಲ್ಲರ ಕಣ್ಣೆದುರು ಒಂದು ಸುತ್ತು ಹೊಡೆದೆ. ಸಾಲು ನೂಲು ಹಿಡಿದಂತೆ ಬಿತ್ತು. "ನೋಡ್ರಿ," ಎಂದೆ, "ನನ್ನ ಕೂರಿಗಿ ಕುಡಿಯೂದಿಲ್ಲ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಫಕ್ಕೀರಪ್ಪನೂ ನಕ್ಕ, ತುಸು ತಡವಾಗಿ, ಉಳಿದವರು ನಗುತ್ತಿರುವುದನ್ನು ನೋಡಿ ನಕ್ಕವನಂತೆ.

ನನ್ನ ಮಾತು ವಾರದೊಳಗೆ ತಂಬೂರ ಮುಟ್ಟಿತು. ಅದು ಅವನ ಮಾವನ ಊರು. ಮಾವ ಬಂದು ಹೊಸ್ತಿಲಲ್ಲೇ ನಿಂತು, "ಕುಡುಕನ ಮನ್ಯಾಗ ಮಗಳನ್ನ ಬಿಡೂದಿಲ್ಲ. ಸೋಮವಾರ ಬಂಡಿ ತರತೇನಿ, ಗಂಟು ಕಟ್ಟಿಡವ್ವಾ" ಎಂದು ಹೇಳಿ ನೀರು ಸಹ ಕುಡಿಯದೆ ಹೋದ. ಅಂದು ಮಧ್ಯಾಹ್ನ ಆ ಮಗಳು, ಅಂದರೆ ಫಕ್ಕೀರಪ್ಪನ ಹೆಂಡತಿ ನೀಲವ್ವ, ನನ್ನ ಅಂಗಳಕ್ಕೆ ಬಂದು ನಿಂತಳು.

"ಅಣ್ಣಾ, ನೀ ಚಲೋ ಬಡಿಗ್ಯಾ ಇರಬಹುದು. ಆದ್ರ ನಿನ್ನ ನಾಲಿಗಿಗೆ ಯಾರೂ ಕೀಸುಳಿ ಹಾಕಿಲ್ಲ ನೋಡು. ಅವರು ಒಂದು ಹನಿ ಮುಟ್ಟಿಲ್ಲ. ಬಿಸಲಿಗೆ ಹ್ವಾದ್ರ ತಲಿ ಹಿಡಕೋತಾರ, ಗಿರಣಿ ಸಪ್ಪಳ ತಡಿಯೂದಿಲ್ಲ. ಉಪ್ಪು ತರ್ರಿ ಅಂದ್ರ ಅಂಗಡಿ ಮಟ ಹೋಗಿ, ನಾ ಯಾಕ ಬಂದಿದ್ದೆ ಅಂತ ಕೇಳಾಕ ತಿರುಗಿ ಮನಿಗೆ ಬರತಾರ."

ನೂಲುಂಡೆ ತೆಗೆದುಕೊಂಡು ಹೊಲಕ್ಕೆ ಹೋದೆ. ಕುಡಿದು ಬಿತ್ತಿದವರ ಸಾಲನ್ನು ನಾನು ಬೇಕಾದಷ್ಟು ನೋಡಿದ್ದೇನೆ; ಅದು ಆ ಕಡೆಗೂ ಹೋಗುತ್ತದೆ, ಈ ಕಡೆಗೂ ಹೋಗುತ್ತದೆ. ಇವನವು ಹಾಗಿರಲಿಲ್ಲ. ನೂಲು ಹಿಡಿದು ನೋಡಿದರೆ ಎಲ್ಲವೂ ಎಡಕ್ಕೇ ವಾಲಿದ್ದವು. ಮುಂಜಾನೆ ಬಿತ್ತಿದ್ದ ಮೂಡಣ ಬದುವಿನ ಸಾಲು ತುಸುವೇ, ಬಿಸಿಲೇರಿದ ಮೇಲೆ ಬಿತ್ತಿದ್ದವು ಬಹಳ. ಕುಡಿದದ್ದಾದರೆ ಹೊತ್ತು ಹೋದಂತೆ ಇಳಿಯಬೇಕು. ಇದು ಏರುತ್ತಿತ್ತು.

ಮರುದಿನವೇ ಅವನನ್ನು ರೈಲು ಹತ್ತಿಸಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಅಲ್ಲೊಬ್ಬ ಮುದುಕ ಡಾಕ್ಟರರಿದ್ದರು, ಹಿಂದೆ ಪಲ್ಟನ್ನಿನಲ್ಲಿ ಇದ್ದವರು. ಎಕ್ಸರೇ ತೆಗೆಸಿದರು, ಏನೂ ಇರಲಿಲ್ಲ. ಆಮೇಲೆ ಎದುರಿಗೆ ಕೂಡಿಸಿಕೊಂಡು, ಬಾಂಬೇನಾದರೂ ಹತ್ತಿರ ಬಿದ್ದಿತ್ತೇ ಎಂದು ಕೇಳಿದರು.

"ಬಿದ್ದಿತ್ರಿ. ಲಾರಿ ಸ್ಟೇರಿಂಗ್ ಹಿಡದಿದ್ದೆ. ಆಮ್ಯಾಲೆ ಕೈಯಾಗ ಚಹಾದ ಮಗ್ಗಿತ್ತು. ನಡುವಿನದು ಏನೂ ನೆನಪಿಲ್ರಿ."

"ಆಗ ಯಾರ ಮುಂದನೂ ಹೇಳಲಿಲ್ಲೇನು?"

"ಬಾಜೂಕ ಕಾಲು ಹೋದವರು ಮಲಗಿದ್ರು ಸಾಹೇಬ್ರ. ಅವರ ಮುಂದ ನಿಂತು ನಂಗ ತಲಿ ನೋಯ್ತೈತಿ ಅನ್ನಲೇನು?"

ಡಾಕ್ಟರರು ಒಂದು ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ ನೆಟ್ಟಗೆ ನಡೆಯಲು ಹೇಳಿದರು. ಆರನೆಯ ಹೆಜ್ಜೆಗೆ ಎಡಕ್ಕೆ ವಾಲಿದ. ಬಳಿಕ ನನ್ನ ಕಡೆ ತಿರುಗಿ, "ಮೊದಲ ಹೆಂಗಿದ್ದ ಇಂವಾ?" ಎಂದರು. ನಾನು ಸಾಲಿನ ಕತೆಯನ್ನೆಲ್ಲ ಹೇಳಿದೆ, ನನ್ನ ಬಾಯಿಯ ಕತೆಯನ್ನೂ. ಅವರು ಎಕ್ಸರೇ ಬದಿಗಿಟ್ಟರು. "ಇದರಾಗ ಎಲುಬು ಅಷ್ಟ ಕಾಣತೈತಿ. ಗಡಿಗಿ ಒಡದಿಲ್ಲ, ಒಳಗಿನ ಮೊಸರು ಕುಲುಕೇತಿ. ಅದನ್ನ ನಿನ್ನ ನೂಲು ಹೇಳತೈತಿ ನೋಡು."

ಬಿಸಿಲಿಗೆ ಹೋಗಬಾರದು, ನಿದ್ದೆ ಚೆನ್ನಾಗಿ ಮಾಡಬೇಕು, ಒಂದು ಸಲಕ್ಕೆ ಒಂದೇ ಕೆಲಸ. ಹಗುರ ಹಗುರ ಕೂಡಿಕೊಳ್ಳುತ್ತದೆ, ಅವಸರ ಮಾಡಬೇಡಿರೆಂದರು. ಚೀಟಿಯ ಮೇಲೆ "ಇದು ತಲೆಗೆ ಬಿದ್ದ ಪೆಟ್ಟು, ಕುಡಿತವಲ್ಲ" ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಿರೆಂದು ನಾನು ಹಟ ಹಿಡಿದೆ. ನಗುತ್ತ ಬರೆದುಕೊಟ್ಟರು.

ಸೋಮವಾರ ಮಾವನ ಬಂಡಿ ಬಂತು. ಮಾವ, ಅಳಿಯ ಇಬ್ಬರನ್ನೂ ಅದೇ ಚಹಾದಂಗಡಿಯ ಕಟ್ಟೆಗೆ ಕರೆದೊಯ್ದು, ಅದೇ ಜನರ ಮುಂದೆ, ನನ್ನ ನಾಲ್ಕನೆಯ ಇಯತ್ತೆಯ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ ಚೀಟಿ ಓದಿದೆ. ಆಮೇಲೆ ಚೀಟಿಯಲ್ಲಿ ಇಲ್ಲದ್ದನ್ನೂ ಹೇಳಿದೆ: "ತಪ್ಪು ಅವಂದಲ್ಲ, ನನ್ನ ಮಾತಿಂದು." ಕೊಡಲಿ ಏಟು ತಿಂದರೂ ಅಷ್ಟು ನೋಯುತ್ತಿರಲಿಲ್ಲವೇನೋ! ಮಾವ ಗಡ್ಡ ಕೆರೆದುಕೊಂಡ.

"ಹಂಗಾರ ಏನೂ ಕುಡ್ಯೂದಿಲ್ಲೇನು ಇಂವಾ?"

"ಚಹಾ ಕುಡೀತೇನ್ರಿ ಮಾವಾ," ಎಂದ ಫಕ್ಕೀರಪ್ಪ, "ಸಕ್ಕರಿ ಜಾಸ್ತಿ ಹಾಕಿ."

ಬಂಡಿ ಬರಿದಾಗಿಯೇ ಹೋಯಿತು. ಮುಂದಿನ ವಾರ ಅದೇ ಬಂಡಿಯ ಹಿಂದೆ ಕಟ್ಟಿಸಿಕೊಂಡು ಒಂದು ಹಿಂಡುವ ಎಮ್ಮೆ ಬಂತು. ತಲೆಗೆ ಹೈನು ಒಳ್ಳೆಯದಂತೆ.

ನಾನು ಆಗಾಗ ಯೋಚಿಸುತ್ತೇನೆ. ಕೈ ಮುರಿದರೆ ಕಟ್ಟು ಕಟ್ಟುತ್ತಾರೆ, ಕಟ್ಟು ಕಂಡವರು ದಾರಿ ಬಿಡುತ್ತಾರೆ. ಇಂಥ ಪೆಟ್ಟಿಗೆ ಕಟ್ಟಿಲ್ಲ, ಹಾಗಾಗಿ ದಾರಿಯೂ ಇಲ್ಲ. ಅದನ್ನು ಕಾಣಬೇಕಾದರೆ ಅವನು ಮೊದಲು ಹೇಗಿದ್ದನೆಂಬುದು ಯಾರಿಗಾದರೂ ನೆನಪಿರಬೇಕು. ನನಗೆ ನೆನಪಿತ್ತು, ಆದರೂ ಮೊದಲು ನೋಡಿದ್ದು ನನ್ನ ಕೂರಿಗೆಯನ್ನು.

ಮರುವರ್ಷ ಫಕ್ಕೀರಪ್ಪ ತಾನೇ ಬಿತ್ತಿದ, ದಿನಕ್ಕೆ ಒಂದಿಷ್ಟೇ, ಮುಂಜಾನೆಯ ತಂಪಿನಲ್ಲಿ, ನೀಲವ್ವ ಹಿಂದಿನಿಂದ ಬೀಜ ಬಿಡುತ್ತ. ಮೊಳಕೆ ಎದ್ದ ದಿನ ನನ್ನನ್ನು ಬದುವಿಗೆ ಕರೆದ. ಹೊಲಕ್ಕೆ ಹೊಲವೇ ನೆಟ್ಟಗೆ ನಿಂತಿತ್ತು. ನಡುವೆ ಒಂದೇ ಒಂದು ಕಡೆ ನಾಲ್ಕು ಸಾಲು ಎಡಕ್ಕೆ ತುಸು ಬಾಗಿ ಮತ್ತೆ ಹಾದಿಗೆ ಬಂದಿದ್ದವು. ಅವನೂ ಅದನ್ನೇ ನೋಡುತ್ತಿದ್ದ.

"ಮೌನೇಶಣ್ಣಾ, ಅದು ಕೂರಗೀದ ತಪ್ಪು ನೋಡು," ಎಂದ, ಮುಖದಲ್ಲಿ ನಗೆ ತುಳುಕಿಸುತ್ತ. ಈ ಸಲ ಅವನ ನಗೆ ಎಲ್ಲರಿಗಿಂತ ಮೊದಲೇ ಬಂದಿತ್ತು.

ನೂಲುಂಡೆ ನನ್ನ ಕಿಸೆಯಲ್ಲೇ ಇತ್ತು. ತೆಗೆಯಲಿಲ್ಲ.

"ಹೌದಪಾ," ಎಂದೆ, "ಕೂರಗೀದ ತಪ್ಪು."