ನಡಾವಳಿಯಲ್ಲಿ ಬಿಟ್ಟುಹೋದ ‘ರಿ’

ಬೀದರಿನ ನಮ್ಮ ಕಾಲೇಜಿನಲ್ಲಿ ಸಭೆಗಳ ನಡಾವಳಿ ಬರೆಯುವ ಕೆಲಸ ಮೊದಲಿನಿಂದಲೂ ಕಚೇರಿ ನೋಡಿಕೊಳ್ಳುವ ನನ್ನದೇ. ಯಾರು ಏನು ಹೇಳಿದರು, ಏನು ಠರಾವಾಯಿತು ಎಂಬುದನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದು ಪ್ರಾಂಶುಪಾಲರ ಸಹಿ ಹಾಕಿಸಿಕೊಳ್ಳುತ್ತೇನೆ. ಮಿಶನ್ ಶಾಲೆಯಲ್ಲಿ ಕಲಿಸುತ್ತಿದ್ದ ಅವ್ವ, “ಮನಿ ಮಾತು ಮನ್ಯಾಗ ಇರ್ಲಿ, ಬರ್ಯೋದು ಪುಸ್ತಕದ ಮಾತಿನ್ಯಾಗ” ಎಂದು ಬೆರಳಿಗೆ ಬಡಿದು ಕಲಿಸಿದ್ದಳು. ಹಾಗಾಗಿ ಯಾರು ಹೇಗೆ ಮಾತಾಡಿದರೂ ನನ್ನ ಪುಸ್ತಕದಲ್ಲಿ ಎಲ್ಲರದೂ ಇಸ್ತ್ರಿ ಹಾಕಿದ ಕನ್ನಡ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಕಳೆದ ವರ್ಷ ಬಿ.ಎ. ಓದುವ ಹುಡುಗಿಯೊಬ್ಬಳು ಕಾಲೇಜಿನ ಗೋಡೆಪತ್ರಿಕೆಯಲ್ಲಿ ಒಂದು ಬರಹ ಅಂಟಿಸಿದಳು. ಅವಳು ದಿನಾ ಔರಾದಿನಿಂದ ಬಸ್ಸಿನಲ್ಲಿ ಬರುವವಳು. ಬಸ್ಸು ತಡವಾದರೆ ಮೊದಲ ತಾಸಿನ ಹಾಜರಿ ಕೊಡದಿರುವುದು ಅನ್ಯಾಯ ಎಂದು ಬರೆದಿದ್ದಳು. ಎರಡು ದಿನಕ್ಕೆ ಅದರ ಪಕ್ಕದಲ್ಲೇ ಅವಳ ತರಗತಿಯ ಭಾಲ್ಕಿ ಹುಡುಗನ ಉತ್ತರ ಬಂತು: ನಾನು ನಸುಕಿನಲ್ಲೆದ್ದು ರೈಲು ಹಿಡಿಯುತ್ತೇನೆ, ನಿಯಮ ಎಲ್ಲರಿಗೂ ಒಂದೇ. ಮಕ್ಕಳು ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಎರಡನ್ನೂ ಓದುತ್ತಿದ್ದರು, ವಾದಿಸುತ್ತಿದ್ದರು.

ಮರುದಿನ ನೋಡಿದರೆ ಹುಡುಗಿಯ ಬರಹ ಇರಲಿಲ್ಲ. ಪ್ರಾಂಶುಪಾಲರು ತೆಗೆಸಿದ್ದರು. ಅವರು ಮೈಸೂರು ಕಡೆಯವರು, ಇಲ್ಲಿಗೆ ಬಂದು ಆರು ತಿಂಗಳಾಗಿತ್ತು. ವಿದ್ಯಾರ್ಥಿಗಳ ಸಭೆ ಕರೆದು, “ಕಾಲೇಜಿನ ನಿಯಮದ ವಿರುದ್ಧ ಕಾಲೇಜಿನ ಗೋಡೆ ಮೇಲೆ ಬರೆಯೋ ಹಾಗಿಲ್ಲ” ಎಂದರು.

ಹುಡುಗಿ ಎದ್ದು ನಿಂತಳು. “ತಪ್ಪ ಅದರಿ ಸರ್. ನಿಮ್ಮ ಮಾತು ತಪ್ಪ ಅದರಿ.”

ನಾನು ತಲೆ ಎತ್ತದೆ ಬರೆದೆ: ‘ನಿಮ್ಮ ಮಾತು ತಪ್ಪು ಎಂದಳು.’

ನಾಲ್ಕು ದಿನದ ನಂತರ ಪ್ರಾಂಶುಪಾಲರ ಕೋಣೆಯಲ್ಲಿ ವಿಚಾರಣೆ. ಹುಡುಗಿ ಉದ್ಧಟತನ ತೋರಿದ್ದಾಳೆ, ಹದಿನೈದು ದಿನ ಹೊರಗಿಡಬೇಕು ಎಂಬುದು ಅವರ ಮಾತು. ಮೊದಲೇ ಹಾಜರಿ ಕಡಿಮೆಯಿದ್ದ ಅವಳಿಗೆ ಆಮೇಲೆ ಪರೀಕ್ಷೆಗೆ ಕೂರುವ ದಾರಿಯೇ ಇರುತ್ತಿರಲಿಲ್ಲ. ಸಾಕ್ಷಿಗೆ ಭಾಲ್ಕಿಯ ಹುಡುಗನನ್ನೂ ಕರೆದಿದ್ದರು.

“ಅಕೀ ಬರದದ್ದು ನಂಗ ಈಗೂ ಒಪ್ಪಿಲ್ಲರಿ” ಎಂದ ಅವನು. “ಆದ್ರ ಅಕೀದು ತಗದು ನಂದೊಂದೇ ಗ್ವಾಡಿ ಮ್ಯಾಲ ಬಿಟ್ರ, ನಾ ಯಾರ ಜೋಡಿ ಜಗಳಾಡ್ಲಿರಿ? ಮಂದಿ ನನಗ ಹುಚ್ಚ ಅಂತಾರ.”

ಹುಡುಗಿ ತಲೆ ಬಗ್ಗಿಸಿ ನಕ್ಕಳು. ಪ್ರಾಂಶುಪಾಲರು ನಗಲಿಲ್ಲ. “ಮೇಡಂ, ಅವಳು ಅಂದದ್ದನ್ನ ಓದಿ” ಎಂದರು.

ಓದಿದೆ. ನನ್ನ ಬಾಯಿಂದ ಆ ಸಾಲು ಹೊರಬಿದ್ದಾಗ ನನಗೇ ಕೆಟ್ಟದೆನಿಸಿತು. ಎರಡು ‘ರಿ’, ಒಂದು ‘ಸರ್’ ಹಚ್ಚಿ ಅವಳು ಆಡಿದ ಮಾತನ್ನು ನಾನು ಬೋಳಿಸಿ ಇಟ್ಟಿದ್ದೆ. ನಮ್ಮ ಕಡೆ ಹಿರಿಯರ ಮುಂದೆ ‘ರಿ’ ಇಲ್ಲದೆ ಮಾತಿಲ್ಲ. ಜಗಳಕ್ಕೆ ನಿಂತವರು ಮೊದಲು ಬಿಡುವುದೇ ಅದನ್ನು. ಅವಳು ಬಿಟ್ಟಿರಲಿಲ್ಲ. ಬಿಟ್ಟವಳು ನಾನು.

ಚೀಲದಿಂದ ಕೆಂಪು ಪೆನ್ನು ತೆಗೆದೆ. ನನ್ನ ಸಾಲಿಗೆ ಗೆರೆ ಎಳೆದು, ಮೇಲೆ ಅವಳು ಆಡಿದ್ದನ್ನು ಆಡಿದಂತೆಯೇ ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿದೆ.

“ಏನ್ ಮೇಡಂ ಇದು? ನಡಾವಳಿಯಲ್ಲಿ ಆಡುಮಾತಾ?”

“ಆಡಿದ ಮಾತು ಬರೀಲಿಕ್ಕೇ ಈ ಪುಸ್ತಕ ಇಟ್ಟೀವ್ರಿ ಸರ್. ಅಕೀ ಮರ್ಯಾದಿ ಕೊಟ್ಟೇ ಮಾತಾಡ್ಯಾಳ. ನಾ ಬರಿಯೂದ್ರಾಗ ಅದನ್ನ ನುಂಗಿದ್ದೆ.”

“ಹಾಳೆ ಹರಿದು ಹೊಸದಾಗಿ ಬರೀರಿ. ಮೊದಲು ಹೇಗಿತ್ತೋ ಹಾಗೆ.”

“ತಪ್ಪ ಅದರಿ ಸರ್” ಎಂದೆ.

ಬೇಕೆಂದೇ ಅಂದೆ. ಪ್ರಾಂಶುಪಾಲರು ನನ್ನನ್ನೇ ನೋಡಿದರು. ತಲೆಗೂದಲು ಅರ್ಧ ನರೆತ, ದಿನಾ ಅವರಿಗೆ ನಮಸ್ಕಾರ ಹೇಳುವ ಹೆಂಗಸು ಉದ್ಧಟಳೋ ಅಲ್ಲವೋ ಎಂದು ಅಳೆಯುತ್ತಿದ್ದರೇನೋ. ಕೊನೆಗೆ ಪುಸ್ತಕ ಎಳೆದುಕೊಂಡು ಬರೆದರು: ‘ಈ ತಿದ್ದುಪಡಿಗೆ ನನ್ನ ಸಮ್ಮತಿ ಇಲ್ಲ.’ ಅದರ ಕೆಳಗೆ ಸಹಿ ಮಾಡಿದರು. ಹದಿನೈದು ದಿನದ ಮಾತು ಮತ್ತೆ ಎತ್ತಲಿಲ್ಲ.

ಅವರು ಬರೆದದ್ದೂ ಪುಸ್ತಕದಲ್ಲಿದೆ. ನಾನದನ್ನು ಅಳಿಸಿಲ್ಲ, ಅಳಿಸುವುದೂ ಇಲ್ಲ. ನಡಾವಳಿ ತಿದ್ದಿದ್ದಕ್ಕೆ ನನಗೊಂದು ಮೆಮೊ ಬಂತು. ಉತ್ತರ ಕೊಟ್ಟೆ, ಕ್ಷಮೆ ಕೇಳಲಿಲ್ಲ. ಹುಡುಗಿಯ ಬರಹವನ್ನು ಭಾಲ್ಕಿಯ ಹುಡುಗನೇ ತನ್ನ ಬರಹದ ಪಕ್ಕ ಮತ್ತೆ ಅಂಟಿಸಿದ. ಈ ಸಲ ಯಾರೂ ತೆಗೆಸಲಿಲ್ಲ.

ಪರೀಕ್ಷೆಯ ಹಾಲ್‌ಟಿಕೆಟ್ ಒಯ್ಯಲು ಬಂದಾಗ ಹುಡುಗಿ ಆ ಪುಟ ನೋಡಬೇಕೆಂದಳು. ತೋರಿಸಿದೆ. ಬಗ್ಗಿ, ಬೆರಳಿಟ್ಟು ಓದಿದಳು.

“ಮೇಡಂ, ‘ರಿ’ ಭಾಳ ಸಣ್ಣದು ಬರದೀರಿ.”

“ಗೆರಿ ಮ್ಯಾಲ ಅಷ್ಟೇ ಜಾಗಾ ಇತ್ತವ್ವಾ” ಎಂದೆ. “ಮುಂದ ಮೊದಲೇ ಜಾಗಾ ಬಿಟ್ಟು ಬರೀತೇನಿ.”